ರೇಡಿಯೋ ಸಾಬ್ರ ಮಗ

2025ರ ಮೇ ತಿಂಗಳ ಒಂದು ಭಾನುವಾರ ನನ್ನ ಅಣ್ಣನ ಮಗ ಕೆ.ಆರ್.ಪೇಟೆಯಿಂದ ಬಸ್ಸು ಹತ್ತಿ ಶ್ರೀರಂಗಪಟ್ಟಣದ ನಮ್ಮ ಮನೆಗೆ ಬಂದ. ಊಟ ಮುಗಿಸಿ ಕೈ ಒರೆಸಿಕೊಂಡು, ಜೇಬಿನಿಂದ ಮಡಚಿದ ಒಂದು ಹಾಳೆ ತೆಗೆದು ನನ್ನ ಮುಂದಿಟ್ಟ. ಎಂಟು ಸಾಲು. ಪ್ರತಿ ಸಾಲಿನ ಮುಂದೆ ಒಂದು ಬೆಲೆ. ಕೆಳಗೆ ಗೆರೆ ಎಳೆದು ಒಟ್ಟು 54,400 ರೂಪಾಯಿ.

“ಏನಿದು?” ಅಂದೆ.

“ಕಂಪ್ಯೂಟರ್, ಚಾಚಾ. ಬಿಡಿ ಬಿಡಿಯಾಗಿ ತಂದು ನಾನೇ ಜೋಡಿಸ್ತೀನಿ.”

“ಕಾಲೇಜಿಗೆ ಬೇಕಾ?”

“ಇಲ್ಲ. ಆಟ ಆಡೋಕೆ.”

ಸ್ವಲ್ಪ ಹೊತ್ತು ಬಿಟ್ಟು ಅವನೇ ಹೇಳಿದ. “ಓದೋಕೆ ಅಂದಿದ್ರೆ ನೀವು ಬೇಗ ಒಪ್ತಿದ್ರಿ, ಗೊತ್ತು. ಸುಳ್ಳು ಹೇಳೋದು ಬೇಡ ಅಂತ.”

ಈ ಹಣ ಯಾರದು ಎನ್ನುವುದನ್ನು ಮೊದಲು ಹೇಳಬೇಕು. ನನ್ನ ಅಣ್ಣ ಪಾಂಡವಪುರದಲ್ಲಿ ರೇಡಿಯೋ, ಟಿವಿ ರಿಪೇರಿ ಅಂಗಡಿ ಇಟ್ಟಿದ್ದ. ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಿದ ರೈತರಿಗೆ ಬಿಲ್ಲು ಬಂದ ತಿಂಗಳು ಅವನ ಅಂಗಡಿಯಲ್ಲಿ ಕಾಲಿಡಲು ಜಾಗವಿರುತ್ತಿರಲಿಲ್ಲ. ಬಿಲ್ಲು ಬಾರದ ತಿಂಗಳು ಅವನೂ ಸುಮ್ಮನೆ ಕೂತು ಹಳೆಯ ಸೆಟ್ಟುಗಳ ಧೂಳು ಊದುತ್ತಿದ್ದ. ಸುತ್ತಲಿನ ಹಳ್ಳಿಯವರಿಗೆ ಅವನ ಹೆಸರು ಗೊತ್ತಿರಲಿಲ್ಲ, ‘ರೇಡಿಯೋ ಸಾಬ್ರು’ ಅಂದರೆ ಗೊತ್ತಿತ್ತು. 2021ರ ಮೇ ತಿಂಗಳಲ್ಲಿ, ಕೊರೊನಾದ ಎರಡನೇ ಅಲೆಯಲ್ಲಿ ತೀರಿಕೊಂಡ. ಆಗ ಹುಡುಗನಿಗೆ ಹದಿಮೂರು. ಇದ್ದತ್ ಮುಗಿದ ಮೇಲೆ ಭಾಬಿ ಮಗನನ್ನು ಕರೆದುಕೊಂಡು ಕೆ.ಆರ್.ಪೇಟೆಯ ತವರಿಗೆ ಹೋದರು. ಅಂಗಡಿಯ ಅಡ್ವಾನ್ಸು, ಸಾಮಾನು ಮಾರಿದ್ದು, ಕೆಲವರು ತಾವಾಗಿಯೇ ಹುಡುಕಿಕೊಂಡು ಬಂದು ಕೊಟ್ಟ ಹಳೆಯ ಬಾಕಿ, ಎಲ್ಲ ಸೇರಿ 1,60,000 ರೂಪಾಯಿ ಬ್ಯಾಂಕಿನಲ್ಲಿ ಠೇವಣಿಯಾಯಿತು. ಪಾಸ್‌ಬುಕ್ಕಿನಲ್ಲಿ ಹೆಸರು ಭಾಬಿಯದು. ಆದರೆ “ಇದರಲ್ಲಿ ಒಂದು ರೂಪಾಯಿ ತೆಗೆಯೋದಿದ್ರೂ ನೀವು ಹೂಂ ಅನ್ನಬೇಕು” ಎಂದು ಅವರೇ ಹೇಳಿ ಪುಸ್ತಕವನ್ನು ನನ್ನ ಕೈಗೆ ಕೊಟ್ಟಿದ್ದರು.

ಯತೀಮನ ಹಣ. ಅದನ್ನು ಮುಟ್ಟುವವನು ಎಷ್ಟು ಹೆದರಬೇಕು ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವನು ನಾನು. ಕತೆಗಳಲ್ಲಿ ಅಮಾನತ್ ಎಂಬ ಪದವನ್ನು ಸಲೀಸಾಗಿ ಬಳಸಿದ್ದೇನೆ. ಬೀರುವಿನಲ್ಲಿ ಒಂದು ಪಾಸ್‌ಬುಕ್ ಬಂದು ಕೂತ ಮೇಲೆ ಅದರ ಭಾರ ಗೊತ್ತಾಯಿತು. ಡಿಪ್ಲೊಮಾ ಮುಗಿದ ಮೇಲೆ ಇಂಜಿನಿಯರಿಂಗ್ ಅಂದರೆ ಫೀಸು ಬೇಕು. ಅದರಲ್ಲಿ ಮೂರನೇ ಒಂದು ಪಾಲು ತೆಗೆದು ಆಟದ ಸಾಮಾನು ಕೊಳ್ಳುವುದೇ? ಹಾಳೆಯನ್ನು ಮಡಚಿ ವಾಪಸ್ಸು ಕೊಟ್ಟು “ನೋಡೋಣ” ಅಂದೆ. ನಮ್ಮ ಮನೆಗಳಲ್ಲಿ ದೊಡ್ಡವರು ‘ನೋಡೋಣ’ ಅಂದರೆ ಏನರ್ಥ ಎಂದು ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಹುಡುಗನಿಗೂ ಗೊತ್ತಿತ್ತು. ಹಾಳೆಯನ್ನು ನನ್ನ ಮೇಜಿನ ಮೇಲೆಯೇ ಬಿಟ್ಟು ಹೋದ.

ಆಟ ಎಂದ ಕೂಡಲೇ ನನ್ನ ತಲೆಗೆ ಬಂದದ್ದು ಮೊಬೈಲಿನ ರಮ್ಮಿ. ಟ್ರ್ಯಾಕ್ಟರಿನ ಕಂತಿನ ದುಡ್ಡನ್ನು ಅದರಲ್ಲಿ ಕಳೆದುಕೊಂಡವರ ಕತೆಗಳನ್ನು ಟೀ ಅಂಗಡಿಗಳಲ್ಲಿ ಕೇಳಿದ್ದೆ. ಇಂಥ ಆಟಗಳನ್ನು ತಡೆಯಲು 2021ರಲ್ಲಿ ರಾಜ್ಯ ಸರಕಾರ ತಂದ ಕಾನೂನಿನ ಮುಖ್ಯ ಕಲಮುಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟು ರದ್ದುಪಡಿಸಿತ್ತು. ಆಮೇಲೆ 2025ರ ಆಗಸ್ಟಿನಲ್ಲಿ ಸಂಸತ್ತೇ ಒಂದು ಕಾಯ್ದೆ ಮಾಡಿ, ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆ ವಾರ ನಾನು ಗೆದ್ದವನಂತೆ ಹುಡುಗನಿಗೆ ಫೋನು ಮಾಡಿದೆ. ಅವನು ಪೂರ್ತಿ ಕೇಳಿಸಿಕೊಂಡು, “ಚಾಚಾ, ಅದೇ ಕಾಯ್ದೆಯಲ್ಲಿ ಇ-ಸ್ಪೋರ್ಟ್ಸ್ ಬೇರೆ, ಅದಕ್ಕೆ ಪ್ರೋತ್ಸಾಹ ಕೊಡ್ತೀವಿ ಅಂತಾನೂ ಇದೆ, ಓದಿ” ಅಂದ. ಓದಿದೆ. ಇತ್ತು. ಅವನು ಆಡುವುದರಲ್ಲಿ ಪಣವಿಲ್ಲ, ಸೋತರೆ ಹೋಗುವುದು ನಿದ್ದೆ ಮಾತ್ರ. ನಿದ್ದೆಯೂ ಸಣ್ಣ ವಸ್ತುವಲ್ಲ ಎಂದು ನಾನು ವಾದಿಸಬಹುದಿತ್ತು. ಆದರೆ ರಾತ್ರಿ ಎರಡರ ತನಕ ಕತೆ ತಿದ್ದುವವನ ಬಾಯಲ್ಲಿ ಆ ಮಾತು ಬರಲಿಲ್ಲ.

ಅದೇ ತಿಂಗಳು ನಾನೊಂದು ಜಾಣತನ ಮಾಡಲು ಹೋದೆ. ಮೈಸೂರಿನ ಒಂದು ಅಂಗಡಿಯ ಮುಂದೆ ‘ಗೇಮಿಂಗ್ ಕಂಪ್ಯೂಟರ್, 26,000 ಮಾತ್ರ’ ಎಂಬ ಬೋರ್ಡು ಕಂಡಿತು. ಒಳಗೆ ಹೋದರೆ ಗಾಜಿನ ಪೆಟ್ಟಿಗೆ, ಅದರೊಳಗೆ ಬಣ್ಣ ಬದಲಿಸುವ ಮೂರು ಫ್ಯಾನು, ಮದುವೆ ಮನೆಯ ಸೀರಿಯಲ್ ಸೆಟ್ಟಿನ ಹಾಗೆ. ಐ5 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಎಂದರು. ಅರ್ಧ ದುಡ್ಡಿನಲ್ಲಿ ಹುಡುಗನೂ ಸುಮ್ಮನಾಗುತ್ತಾನೆ, ಠೇವಣಿಯೂ ಉಳಿಯುತ್ತದೆ ಎಂದು ಕೊಟೇಶನ್ನಿನ ಫೋಟೋ ತೆಗೆದು ಅವನಿಗೆ ಕಳಿಸಿದೆ. ಎರಡು ನಿಮಿಷದಲ್ಲಿ ಫೋನು ಬಂತು.

“ದುಡ್ಡು ಕೊಟ್ಬಿಟ್ರಾ?”

“ಇಲ್ಲ.”

“ಅಲ್ಹಮ್ದುಲಿಲ್ಲಾ. ಹೊರಗೆ ಬನ್ನಿ.”

ಐ5 ಎನ್ನುವುದು ಮನೆತನದ ಹೆಸರಿದ್ದಂತೆ, ಅದರ ಮುಂದಿನ ನಂಬರು ನೋಡಬೇಕು ಎಂದು ಆಮೇಲೆ ವಿವರಿಸಿದ. ಆ ಕೊಟೇಶನ್ನಿನಲ್ಲಿದ್ದದ್ದು 3470. ಅದು 2012ರ ಸರಕು. ಗ್ರಾಫಿಕ್ಸ್ ಕಾರ್ಡ್ ಜಿಟಿ 730, 2014ರದು. ಕಚೇರಿಗಳು ತೆಗೆದು ಹಾಕಿದ ಹಳೆಯ ಯಂತ್ರಗಳ ಹೊಟ್ಟೆಯನ್ನು ಹೊಸ ಪೆಟ್ಟಿಗೆಗೆ ತುಂಬಿ ದೀಪ ಹಚ್ಚಿ ಮಾರುತ್ತಾರೆ. ಲೆಕ್ಕ ಬರೆಯಲು, ಕನ್ನಡದಲ್ಲಿ ನುಡಿ ಹಾಕಿಕೊಂಡು ಕತೆ ಟೈಪು ಮಾಡಲು ಅದು ಧಾರಾಳವಾಗಿ ಸಾಕು. ಇವನು ಆಡಬೇಕೆಂದಿರುವ ಆಟಗಳಿಗೆ ಸಾಲದು. 4 ಜಿಬಿ ಎಂದು ದೊಡ್ಡದಾಗಿ ಬರೆದದ್ದು ಬರೀ ಗೋದಾಮಿನ ಅಳತೆ, ಅದರಲ್ಲಿ ದುಡಿಯುವ ಆಳು ಎಷ್ಟು ಮಂದಿ ಎನ್ನುವುದನ್ನು ಅಂಗಡಿಯವನು ಹೇಳುವುದಿಲ್ಲ.

ಅವತ್ತಿನಿಂದ ನನಗೆ ಈ ವಿಷಯದಲ್ಲಿ ಒಂದು ಬಗೆಯ ಕುತೂಹಲ ಹುಟ್ಟಿತು. ಸುಳ್ಳನ್ನು ಗುರುತಿಸುವ ವಿದ್ಯೆ ಯಾವುದೇ ಆಗಿರಲಿ, ಅದನ್ನು ಕಲಿಯುವುದರಲ್ಲಿ ತಪ್ಪಿಲ್ಲವಲ್ಲ. ದಸರಾ ರಜೆಗೆ ಹುಡುಗ ಬಂದಾಗ ಮೇಯಲ್ಲಿ ಅವನು ಬಿಟ್ಟುಹೋದ ಹಾಳೆಯನ್ನು ತೆಗೆದು, “ಬಾ, ಒಂದೊಂದೇ ಸಾಲು ಹೇಳು” ಅಂದೆ. ನಾನು ನೋಟ್‌ಬುಕ್ಕಿನಲ್ಲಿ ಉರ್ದುವಿನಲ್ಲಿ ಬರೆದುಕೊಳ್ಳುತ್ತಾ ಹೋದೆ. ಏಳನೇ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿದ್ದರಿಂದ ಲೆಕ್ಕ ಬರೆಯುವಾಗ ಇಂದಿಗೂ ಕೈ ಬಲದಿಂದಲೇ ಹೊರಡುತ್ತದೆ. ಹುಡುಗನಿಗೆ ಉರ್ದು ಓದಲು ಬಾರದು. ಮನೆಯಲ್ಲಿ ನಾವು ಆಡುವುದು ದಖ್ನಿ, ಆದರೆ ಕಂಪ್ಯೂಟರಿನ ವಿಷಯಕ್ಕೆ ಬಂದರೆ ಅವನ ನಾಲಿಗೆ ಕನ್ನಡಕ್ಕೂ ಇಂಗ್ಲಿಷಿಗೂ ಜಾರಿಬಿಡುತ್ತದೆ.

ಅವನು ಶುರು ಮಾಡಿದ್ದು ಕೊನೆಯ ಸಾಲಿನಿಂದ, ಅಂದರೆ ಪರದೆಯಿಂದ. ಎಲ್ಲರೂ ಪ್ರೊಸೆಸರಿನಿಂದ ಶುರು ಮಾಡಿ ಕೆಡುತ್ತಾರಂತೆ. ಪರದೆ ಎಷ್ಟು ದೊಡ್ಡದು, ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸಬಲ್ಲದು ಎಂಬುದು ಮೊದಲು ನಿಶ್ಚಯವಾಗಬೇಕು. ಅವನದು ಸಾಧಾರಣ 1920 ಇಂಟು 1080 ಚುಕ್ಕಿಗಳ ಪರದೆ, ಸೆಕೆಂಡಿಗೆ 100 ಸಲ, ಬೆಲೆ 6,900. ಅಷ್ಟು ಚಿತ್ರಗಳನ್ನು ಬರೆದುಕೊಡುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಬಜೆಟ್ಟಿನ ದೊಡ್ಡ ಪಾಲು ಅದಕ್ಕೇ ಹೋಗಬೇಕು. ಅವನು ಬರೆದಿದ್ದದ್ದು ಎಎಂಡಿ ಕಂಪನಿಯ ಆರ್‌ಎಕ್ಸ್ 6600, 8 ಜಿಬಿಯದು, 20,400 ರೂಪಾಯಿ. 2021ರಲ್ಲಿ ಬಂದ ಕಾರ್ಡು. ಅದು ಬಂದಾಗ ಕೈಗೆ ಸಿಗುತ್ತಿರಲಿಲ್ಲ, ಇಥೀರಿಯಂ ಎಂಬ ಡಿಜಿಟಲ್ ನಾಣ್ಯ ತೆಗೆಯುವವರು ಗ್ರಾಫಿಕ್ಸ್ ಕಾರ್ಡುಗಳನ್ನೆಲ್ಲ ಗಂಟುಗಟ್ಟಲೆ ಕೊಂಡು ಹಗಲೂ ರಾತ್ರಿ ಓಡಿಸುತ್ತಿದ್ದರು. 2022ರ ಸೆಪ್ಟೆಂಬರಿನಲ್ಲಿ ಆ ನಾಣ್ಯ ತನ್ನ ಪದ್ಧತಿಯನ್ನೇ ಬದಲಿಸಿದ ಮೇಲೆ ಕಾರ್ಡುಗಳು ಮನುಷ್ಯರ ಬೆಲೆಗೆ ಇಳಿದವು.

“ಹಾಗಿದ್ರೆ ಪ್ರೊಸೆಸರಿಗೆ 9,600 ಯಾಕೆ? ಇನ್ನೂ ಕಡಿಮೇದು ಹಾಕು” ಅಂದೆ.

ಅದಕ್ಕೆ ಅವನು ಕೊಟ್ಟ ಉದಾಹರಣೆ ನನಗೆ ಇಷ್ಟವಾಯಿತು. “ವಿ.ಸಿ. ನಾಲೆ ತುಂಬಿ ಹರೀತಾ ಇದೆ ಅಂದ್ಕೊಳ್ಳಿ. ನಿಮ್ಮ ಗದ್ದೆ ತೂಬು ಅಂಗೈ ಅಗಲ ಇದ್ರೆ ಎಷ್ಟು ನೀರು ಬರುತ್ತೆ?” ಪ್ರೊಸೆಸರ್ ತೀರಾ ಚಿಕ್ಕದಾದರೆ ದೊಡ್ಡ ಕಾರ್ಡು ಸುಮ್ಮನೆ ಕಾಯುತ್ತ ಕೂರುತ್ತದೆ. ಪ್ರೊಸೆಸರ್ ದೊಡ್ಡದಾಗಿ ಕಾರ್ಡು ಚಿಕ್ಕದಾದರೆ ನೀರು ನಾಲೆಯಲ್ಲೇ ನಿಲ್ಲುತ್ತದೆ. ಆದ್ದರಿಂದ ರೈಜೆನ್ 5 5600, ಆರು ಕೋರಿನದು. ಅದಕ್ಕೆ ಹೊಂದುವ ಮದರ್‌ಬೋರ್ಡು 5,300. ಇದು ಎಎಂ4 ಎಂಬ ಹಳೆಯ ಸಾಕೆಟ್ಟು, ಇಲ್ಲಿಂದ ಮುಂದೆ ದಾರಿ ಹೆಚ್ಚು ಉಳಿದಿಲ್ಲ. 2022ರಲ್ಲಿ ಬಂದ ಎಎಂ5 ಕೊಂಡರೆ ನಾಲ್ಕು ವರ್ಷದ ಮೇಲೆ ಪ್ರೊಸೆಸರ್ ಮಾತ್ರ ಬದಲಿಸಿಕೊಳ್ಳಬಹುದು, ಆದರೆ ಈಗಲೇ ಹತ್ತು ಹನ್ನೆರಡು ಸಾವಿರ ಹೆಚ್ಚು ಬೀಳುತ್ತದೆ. “ಇಲ್ದೇ ಇರೋ ದುಡ್ಡಲ್ಲಿ ನಾಳೆಗೆ ಯೋಚನೆ ಮಾಡೋಕಾಗಲ್ಲ ಚಾಚಾ” ಅಂದ. ಹದಿನೇಳರ ಹುಡುಗನ ಬಾಯಲ್ಲಿ ಈ ಮಾತು ಕೇಳಿ ನನಗೆ ಖುಷಿಯಾಗಲಿಲ್ಲ.

ಲ್ಯಾಪ್‌ಟಾಪ್ ಯಾಕೆ ಬೇಡ ಎಂದೂ ಕೇಳಿದೆ. ಆ ದುಡ್ಡಿನ ಲ್ಯಾಪ್‌ಟಾಪಿನಲ್ಲಿ ಇಂಥ ಕಾರ್ಡು ಇರುವುದಿಲ್ಲ, ಜೊತೆಗೆ ಒಂದು ಭಾಗ ಕೆಟ್ಟರೆ ಇಡೀ ಯಂತ್ರ ಅಂಗಡಿಗೆ ಹೋಗಬೇಕು. ಇದರಲ್ಲಿ ಕೆಟ್ಟದ್ದನ್ನು ಮಾತ್ರ ಬಿಚ್ಚಿ ಇಡಬಹುದು.

ಪಟ್ಟಿಯಲ್ಲಿ ನನ್ನ ಕಣ್ಣಿಗೆ ಅನವಶ್ಯಕ ಎನಿಸಿದ್ದು ಪವರ್ ಸಪ್ಲೈ. 3,900 ರೂಪಾಯಿ! ಮೈಸೂರಿನ ಅಂಗಡಿಯಲ್ಲಿ ಪೆಟ್ಟಿಗೆಯ ಜೊತೆಗೆ ಅದು ಪುಕ್ಕಟೆ ಬರುತ್ತದೆ ಎಂದಿದ್ದರು. ಹುಡುಗ ತಲೆಯೆತ್ತಿ ನೋಡಿದ. “ಅಬ್ಬಾ ಏನು ಹೇಳ್ತಿದ್ರು?”

ನನಗೆ ನೆನಪಿತ್ತು. ಅಣ್ಣನ ಅಂಗಡಿಗೆ ಯಾರಾದರೂ ಟಿವಿ ಹೊತ್ತು ತಂದರೆ ಅವನು ಮೊದಲು ಮೀಟರಿನ ಕಡ್ಡಿ ಇಡುತ್ತಿದ್ದದ್ದು ಪವರ್ ಸಪ್ಲೈ ಬೋರ್ಡಿಗೆ. ಸೆಟ್ಟು ಕೆಡುವುದಿಲ್ಲ, ಸಪ್ಲೈ ಕೆಟ್ಟು ಸೆಟ್ಟನ್ನು ಕೆಡಿಸುತ್ತದೆ ಎನ್ನುತ್ತಿದ್ದ. ಹಳ್ಳಿಗಳಲ್ಲಿ ಪಂಪ್‌ಸೆಟ್ಟಿಗೆ ಕರೆಂಟು ಬಿಟ್ಟಾಗ ಮನೆಯ ದೀಪ ಮಂಕಾಗುವುದು, ಪಂಪು ನಿಂತಾಗ ಒಮ್ಮೆಲೇ ಉರಿಯುವುದು ನಮ್ಮ ಜಿಲ್ಲೆಯವರಿಗೆ ಹೊಸದೇನಲ್ಲ. ಪುಕ್ಕಟೆ ಬರುವ ಸಪ್ಲೈಯ ಮೇಲೆ 450 ವ್ಯಾಟ್ ಎಂದು ಬರೆದಿರುತ್ತದೆ, ಅದರ ಅರ್ಧವನ್ನೂ ಅದು ನೆಟ್ಟಗೆ ಕೊಡಲಾರದು. ಕೊಡಲು ಹೋಗಿ ಸುಟ್ಟರೆ ಒಂಟಿಯಾಗಿ ಸುಡುವುದಿಲ್ಲ, ಇಪ್ಪತ್ತು ಸಾವಿರದ ಕಾರ್ಡನ್ನೂ ಜೊತೆಗೆ ಕರೆದೊಯ್ಯುತ್ತದೆ. ಆ ಸಾಲಿನ ಮುಂದೆ ನಾನು ಪೆನ್ನಿನಲ್ಲಿ ಸರಿ ಗುರುತು ಹಾಕಿದೆ. ಅವನ ಪಟ್ಟಿಯಲ್ಲಿ ನಾನು ಮೊದಲು ಒಪ್ಪಿದ ಸಾಲು ಅದೇ.

ಉಳಿದದ್ದು 16 ಜಿಬಿ ರ‍್ಯಾಮ್, ಎರಡು ಕಡ್ಡಿ ಸೇರಿ 2,900. ಫೈಲುಗಳನ್ನಿಡುವ 500 ಜಿಬಿಯ ಎಸ್‌ಎಸ್‌ಡಿ 2,800. ಪೆಟ್ಟಿಗೆ 2,600. ಪಟ್ಟಿಯಲ್ಲಿಲ್ಲದ ಖರ್ಚನ್ನು ನಾನು ಕೆದಕಿದೆ. ಯುಪಿಎಸ್? ನಾನಾ ಮನೆಯಲ್ಲಿ ಇನ್ವರ್ಟರ್ ಇದೆ. ಮೇಜು? ಅಬ್ಬಾನ ಅಂಗಡಿಯದು. ವಿಂಡೋಸ್? ಇಲ್ಲಿ ಮಾತ್ರ ಅವನು ಕಿಟಕಿಯಾಚೆ ನೋಡಿದ. ಅಸಲಿ ಲೈಸೆನ್ಸು ಕೊಂಡರೆ ಒಂದು ಪ್ರೊಸೆಸರಿನ ದುಡ್ಡು. ಉಚಿತವಾಗಿ ಸಿಗುವ ಲಿನಕ್ಸ್ ಹಾಕಿದರೆ ಅವನಿಗೆ ಬೇಕಾದ ಒಂದೆರಡು ಆಟಗಳೇ ನಡೆಯುವುದಿಲ್ಲ, ಕಳ್ಳಾಟ ಹಿಡಿಯಲು ಅವುಗಳಲ್ಲಿರುವ ಕಾವಲುಗಾರ ಬಿಡುವುದಿಲ್ಲ. ಇಂಥ ಪಟ್ಟಿಗಳನ್ನು ಬರೆಯುವವರೆಲ್ಲ ಈ ಒಂದು ಸಾಲನ್ನು ಹೇಗೋ ಮರೆಯುತ್ತಾರೆ. ಸದ್ಯಕ್ಕೆ ಲಿನಕ್ಸ್ ಹಾಕಿ, ವಿಂಡೋಸಿಗೆ ಆಮೇಲೆ ದುಡ್ಡು ಕೂಡಿಸುವುದು ಎಂದು ತೀರ್ಮಾನವಾಯಿತು.

ಎಲ್ಲ ಅರ್ಥವಾಯಿತು. ಆದರೂ ನಾನು ಹೂಂ ಅನ್ನಲಿಲ್ಲ. ಠೇವಣಿ ನವೆಂಬರ್ ಕೊನೆಗೆ ಪಕ್ವವಾಗುತ್ತದೆ, ಆಗ ತೆಗೆದರೆ ಬಡ್ಡಿ ಪೂರ್ತಿ ಸಿಗುತ್ತದೆ ಎಂದು ಲೆಕ್ಕ ಹಾಕಿದೆ. ಅವನು ಒಂದು ಸಲ ಮೆಲ್ಲಗೆ, “ರ‍್ಯಾಮ್ ರೇಟು ಏರ್ತಾ ಇದೆ ಚಾಚಾ” ಅಂದ. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಕಂಪ್ಯೂಟರಿನ ಸಾಮಾನು ದಿನ ಕಳೆದಂತೆ ಅಗ್ಗವಾಗುತ್ತದೆ ಎನ್ನುವುದು ನಾವೆಲ್ಲ ನಂಬಿಕೊಂಡು ಬಂದ ಸತ್ಯ. ಇಪ್ಪತ್ತು ವರ್ಷಗಳಿಂದ ಅದು ನಿಜವೂ ಆಗಿತ್ತು.

ಡಿಸೆಂಬರ್ ಮೊದಲ ವಾರ ಠೇವಣಿಯ ಹಣ ಕೈಗೆ ಬಂದಾಗ ಹುಡುಗ ಹೊಸ ಪಟ್ಟಿ ಕಳಿಸಿದ. ಅದೇ ರ‍್ಯಾಮ್, ಅದೇ ಎರಡು ಕಡ್ಡಿ, 8,800. ಎಸ್‌ಎಸ್‌ಡಿ 5,100. ಮಿಕ್ಕದ್ದೆಲ್ಲ ಹೆಚ್ಚುಕಡಿಮೆ ಹಾಗೇ. ಒಟ್ಟು 62,600.

ಅಂಗಡಿಯವರ ಮೋಸ ಎಂದುಕೊಂಡೆ. ಅಲ್ಲ. ಜಗತ್ತಿಗೆ ಬೇಕಾದ ಮೆಮೊರಿ ಚಿಪ್ಪುಗಳಲ್ಲಿ ಹೆಚ್ಚಿನ ಪಾಲನ್ನು ತಯಾರಿಸುವುದು ಮೂರೇ ಕಂಪನಿಗಳು, ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ಕೃತಕ ಬುದ್ಧಿಮತ್ತೆಗಾಗಿ ಕಟ್ಟುತ್ತಿರುವ ಭಾರೀ ಡೇಟಾ ಸೆಂಟರುಗಳು ಎಷ್ಟು ಬೆಲೆ ಕೊಟ್ಟಾದರೂ ಮೆಮೊರಿ ಕೊಳ್ಳಲು ನಿಂತಾಗ ಈ ಕಂಪನಿಗಳು ತಮ್ಮ ಕಾರ್ಖಾನೆಗಳನ್ನು ಅತ್ತ ತಿರುಗಿಸಿದವು. ಹಳೆಯ ಡಿಡಿಆರ್4 ಬಗೆಯ ತಯಾರಿಕೆಯನ್ನು ಅವು ಮೊದಲೇ ಕಡಿಮೆ ಮಾಡುತ್ತಿದ್ದವು. 2025ರ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ, ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಷಿಯಲ್ ಎಂಬ ತನ್ನ ವಿಭಾಗವನ್ನೇ ಮುಚ್ಚುವುದಾಗಿ ಪ್ರಕಟಿಸಿತು. ಎಲ್ಲೋ ಒಂದು ಯಂತ್ರಕ್ಕೆ ಬುದ್ಧಿ ಕಲಿಸಲು ಕೆ.ಆರ್.ಪೇಟೆಯ ಒಬ್ಬ ಹುಡುಗ 8,200 ರೂಪಾಯಿ ದಂಡ ತೆತ್ತ ಎಂದು ಬರೆದರೆ ಕತೆಗಾರನ ಉತ್ಪ್ರೇಕ್ಷೆ ಎನ್ನುವಿರಿ. ಆದರೆ ಲೆಕ್ಕ ಇರುವುದೇ ಹಾಗೆ.

ದಂಡ ತೆರುವಂತೆ ಮಾಡಿದವನು ನಾನು. ಮೇಯಲ್ಲಿ ಹೂಂ ಅಂದಿದ್ದರೆ 54,400. ಬೇಡವೇ ಬೇಡ ಎಂದಿದ್ದರೂ ಅದೊಂದು ನಿರ್ಧಾರ, ಹಣವಾದರೂ ಉಳಿಯುತ್ತಿತ್ತು. ಎರಡೂ ಮಾಡದೆ ಕಾಪಾಡುತ್ತಿದ್ದೇನೆ ಎಂದುಕೊಂಡು ಪುಸ್ತಕದ ಮೇಲೆ ಕೂತಿದ್ದೆ. ಆರು ತಿಂಗಳು ಕಾದು ಉಳಿಸಿದ ಬಡ್ಡಿ ಎರಡು ಸಾವಿರ ಚಿಲ್ಲರೆ. ಅವತ್ತು ರಾತ್ರಿ ಭಾಬಿಗೆ ಫೋನು ಮಾಡಿ ಇದನ್ನೆಲ್ಲ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವನು ನಿಮಗೆ ಏನಾದ್ರೂ ಅಂದ್ನಾ?” ಎಂದು ಕೇಳಿದರು. ಏನೂ ಅಂದಿರಲಿಲ್ಲ. ಅದೇ ಕಷ್ಟವಾಗಿತ್ತು.

ಅವನು ಮಾಡಿದ್ದು ಇಷ್ಟೇ. ಗ್ರಾಫಿಕ್ಸ್ ಕಾರ್ಡಿನ ಸಾಲನ್ನು ಹೊಡೆದು ಹಾಕಿ, ‘ನಾಗಮಂಗಲ, 12,500’ ಎಂದು ಬರೆದ. ಅಲ್ಲಿ ಅವನ ಪರಿಚಯದ ಹುಡುಗನೊಬ್ಬ ಅದೇ ಕಾರ್ಡನ್ನು ಮಾರುತ್ತಿದ್ದಾನಂತೆ. ಪರಿಚಯ ಹೇಗೆ ಎಂದರೆ ಮೊಬೈಲ್ ಆಟದಲ್ಲಿ. ಮುಖ ನೋಡಿದವನಲ್ಲ.

ಭಾಬಿ ಒಪ್ಪಲಿಲ್ಲ. ಬೇರೆ ಊರಾಗಿದ್ದರೆ ಒಪ್ಪುತ್ತಿದ್ದರೇನೋ. 2024ರ ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶ ವಿಸರ್ಜನೆಯ ಮೆರವಣಿಗೆಯ ವೇಳೆ ಗಲಭೆಯಾಗಿ ಅಂಗಡಿಗಳು, ವಾಹನಗಳು ಸುಟ್ಟು ಹೋಗಿದ್ದವು. ಒಂದು ವರ್ಷದ ಮೇಲಾಗಿದ್ದರೂ ತಾಯಿಯ ಲೆಕ್ಕದಲ್ಲಿ ಅದು ನಿನ್ನೆಯದು. “ಹೆಸರು ಗೊತ್ತಿಲ್ಲದವರ ಮನೆಗೆ, ಜೇಬಲ್ಲಿ ದುಡ್ಡು ಇಟ್ಕೊಂಡು?” ಎಂದರು. ಕೊನೆಗೆ ನಾನೇ ಜೊತೆಗೆ ಹೋಗುವುದು ಎಂದಾಯಿತು.

2026ರ ಜನವರಿಯ ಒಂದು ಬೆಳಿಗ್ಗೆ ಹುಡುಗ ಹಿಂದಿನ ರಾತ್ರಿಯೇ ಬಂದು ನಮ್ಮಲ್ಲಿ ಉಳಿದಿದ್ದ. ನನ್ನ ಸ್ಕೂಟರಿನಲ್ಲಿ ಹೊರಟೆವು. ಪಾಂಡವಪುರದಲ್ಲಿ ಅಣ್ಣನ ಅಂಗಡಿ ಇದ್ದ ಜಾಗದಲ್ಲಿ ಈಗ ಮೊಬೈಲ್ ಕವರು ಮಾರುತ್ತಾರೆ. ಇಬ್ಬರೂ ಅತ್ತ ನೋಡಿದೆವು, ಗಾಡಿ ನಿಲ್ಲಿಸಲಿಲ್ಲ. ಜಕ್ಕನಹಳ್ಳಿ ದಾಟಿದ ಮೇಲೆ ಚಳಿಗೆ ಕೈ ಮರಗಟ್ಟಿ ಒಂದು ಟೀ ಕುಡಿದೆವು.

ನಾಗಮಂಗಲದ ಆ ಮನೆ ಊರ ಹೊರಗಿನ ಬಡಾವಣೆಯಲ್ಲಿತ್ತು. ಬಾಗಿಲು ತೆಗೆದ ಹುಡುಗನಿಗೆ ಇಪ್ಪತ್ತೆರಡಿರಬಹುದು. ನನ್ನ ಗಡ್ಡ ನೋಡಿದ, ನನ್ನ ಹಿಂದೆ ನಿಂತವನನ್ನು ನೋಡಿದ. “ನೀನೇನ್ಲಾ ರೇಡಿಯೋಸಾಬ್?” ಅಂದ.

ಇವನು ನಕ್ಕು ಹೂಂ ಅಂದ. ಆಟದಲ್ಲಿ ಅವನ ಹೆಸರು ಅದು ಎಂದು ನನಗೆ ಅಲ್ಲಿಯತನಕ ಗೊತ್ತಿರಲಿಲ್ಲ.

ಒಳಗೆ ಹೋಗಿ ಕೂತೆವು. ಹುಡುಗನ ತಾಯಿ ಕಾಫಿ ತಂದರು. ಯಾವೂರು ಎಂದು ಕೇಳಿ, ಪಟ್ಟಣ ಎಂದು ತಿಳಿದ ಮೇಲೆ, ತಮ್ಮ ಅಕ್ಕನನ್ನು ಗಂಜಾಂಗೆ ಕೊಟ್ಟಿದೆ ಎಂದರು. ಮಗನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದೆ, ಪಿಜಿಗೆ ಅಡ್ವಾನ್ಸು ಕಟ್ಟಬೇಕು, ಅದಕ್ಕೇ ಕಂಪ್ಯೂಟರನ್ನು ಭಾಗ ಭಾಗವಾಗಿ ಮಾರುತ್ತಿದ್ದಾನೆ. “ರಾತ್ರಿಯೆಲ್ಲ ಅದ್ರು ಮುಂದೆ ಕೂತಿದ್ದೋನು, ಹೋದ್ರೆ ಹೋಗ್ಲಿ ಬುಡಿ ಅತ್ಲಾಗೆ” ಎಂದು ನನ್ನಿಂದ ಬೆಂಬಲ ನಿರೀಕ್ಷಿಸಿ ನೋಡಿದರು.

ಕೋಣೆಯಲ್ಲಿ ಹುಡುಗರಿಬ್ಬರೂ ಯಂತ್ರದ ಮುಂದೆ ಬಗ್ಗಿದ್ದರು. ಹಳೆಯ ಕಾರ್ಡು ಕೊಳ್ಳುವಾಗ ಅಂಗಡಿಯ ಬಿಲ್ಲು ಕೇಳಬೇಕು, ಬಿಲ್ಲಿನ ನಂಬರು ಕಾರ್ಡಿನ ಮೇಲಿನ ನಂಬರಿಗೆ ತಾಳೆಯಾಗಬೇಕು, ಸ್ಕ್ರೂಗಳ ತಲೆ ಸವೆದಿರಬಾರದು, ನಾಣ್ಯ ತೆಗೆಯಲು ಓಡಿಸಿದ್ದಾಗಿರಬಾರದು. ಅದು 2023ರಲ್ಲಿ ಕೊಂಡದ್ದು, ಬಿಲ್ಲಿತ್ತು. ಅರ್ಧ ಗಂಟೆ ಪೂರ್ತಿ ಭಾರ ಹಾಕಿ ಓಡಿಸಿ, ಬಿಸಿ ಎಷ್ಟು ಡಿಗ್ರಿಗೆ ನಿಲ್ಲುತ್ತದೆ, ಫ್ಯಾನು ಕಿರುಗುಟ್ಟುತ್ತದೆಯೇ ಎಂದು ಇವನು ಕಿವಿಯಿಟ್ಟು ಕೇಳಿದ. ನನಗೆ ಬೆನ್ನು ಮಾತ್ರ ಕಾಣುತ್ತಿತ್ತು. ರಿಪೇರಿಗೆ ಬಂದ ರೇಡಿಯೋಕ್ಕೆ ಅಣ್ಣನೂ ಹೀಗೇ ಒಂದು ಕಡೆ ವಾಲಿ ಕಿವಿ ಕೊಡುತ್ತಿದ್ದ.

ಹೊತ್ತು ಕಳೆಯಲು ನಾನು ಆ ಹುಡುಗನನ್ನು ಕೇಳಿದೆ, ನಿಮ್ಮಿಬ್ಬರಿಗೂ ಎಷ್ಟು ದಿನದ ಪರಿಚಯ?

“ಬಿಜಿಎಂಐ ಬಂದಾಗಿಂದ ಸಾರ್. ಕೊರೊನಾ ವರ್ಷ.”

2020ರ ಸೆಪ್ಟೆಂಬರಿನಲ್ಲಿ ಸರಕಾರ ಪಬ್‌ಜಿ ಆಟವನ್ನು ನಿಷೇಧಿಸಿದಾಗ ನಮ್ಮ ಹುಡುಗ ಅತ್ತಿದ್ದ, ಅಣ್ಣ ನಕ್ಕಿದ್ದ. ಅದೇ ಆಟ ಹೊಸ ಹೆಸರಿನಲ್ಲಿ ಮರಳಿ ಬಂದದ್ದು 2021ರ ಜುಲೈಯಲ್ಲಿ. ಅಣ್ಣ ತೀರಿಕೊಂಡ ಎರಡು ತಿಂಗಳಿಗೆ.

“ಇವನು ಆಡ್ತಿದ್ದಿದ್ದು ಕಮ್ಮಿ ಸಾರ್. ಮೈಕ್ ಆನ್ ಮಾಡ್ಕೊಂಡು ಎಲ್ಲಾದ್ರೂ ಒಂದು ಮನೆ ಒಳಗೆ ಅವಿತ್ಕೊಂಡು ಮಾತಾಡ್ತಾ ಕೂತ್ಬುಡೋನು. ನಮ್ಮಪ್ಪ ಹಿಂಗೆ ರಿಪೇರಿ ಮಾಡ್ತಿದ್ರು, ನಮ್ಮಪ್ಪ ಹಿಂಗಂತಿದ್ರು ಅಂತ. ನಾವು ಸೋತೋಗ್ತಿದ್ವಿ. ಆಗ ಬೈತಿದ್ದೆ. ಅವ್ರು ತೀರ್ಕೊಂಡವ್ರೆ ಅಂತ ಆರು ತಿಂಗ್ಳಾದ್ಮೇಲೆ ಹೇಳ್ದ.”

ಆ ಆರು ತಿಂಗಳಲ್ಲಿ ನಾನು ಕೆ.ಆರ್.ಪೇಟೆಗೆ ನಾಲ್ಕೋ ಐದೋ ಸಲ ಹೋಗಿದ್ದೆ. ಪ್ರತಿ ಸಲವೂ, ರಾತ್ರಿಯೆಲ್ಲ ಮೊಬೈಲ್ ಹಿಡಿದಿರುತ್ತಾನೆ ಎಂದು ನಾನಾ ದೂರುತ್ತಿದ್ದರು. ಪ್ರತಿ ಸಲವೂ ಗದರಿದ್ದೆ. ಒಂದು ಸಲ ಕಸಿದುಕೊಂಡು ಪಟ್ಟಣಕ್ಕೇ ತಂದುಬಿಟ್ಟಿದ್ದೆ, ಹದಿನೈದು ದಿನ ಅದು ನನ್ನ ಬೀರುವಿನಲ್ಲಿ ಪಾಸ್‌ಬುಕ್ಕಿನ ಪಕ್ಕದಲ್ಲಿತ್ತು. ಇದನ್ನು ಅವನು ಆ ಹುಡುಗನಿಗೆ ಹೇಳಿದ್ದಾನೋ ಇಲ್ಲವೋ, ಕೇಳುವ ಧೈರ್ಯವಾಗಲಿಲ್ಲ.

ಹಣ ಎಣಿಸಿ ಕೊಟ್ಟೆ. ಆ ಹುಡುಗ ಅದರಿಂದ ಐನೂರು ತೆಗೆದು ಇವನ ಜೇಬಿಗೆ ತುರುಕಲು ನೋಡಿದ, ಇವನು ಬಿಡಲಿಲ್ಲ. ಎಳೆದಾಟದಲ್ಲಿ ನೋಟು ಹರಿಯುವುದೊಂದು ಬಾಕಿ. ಕೊನೆಗೆ ಅದು ಆ ಹುಡುಗನ ಜೇಬಿನಲ್ಲೇ ಉಳಿಯಿತು, ಬದಲಿಗೆ ಅವನು ತನ್ನ ಕೀಬೋರ್ಡು, ಮೌಸು ಕೊಟ್ಟ. ತಾಯಿ ಒಂದು ಚೀಲ ಅವರೆಕಾಯಿ ಕೊಟ್ಟರು.

ಮಿಕ್ಕ ಸಾಮಾನಿಗೆ ಮುಂದಿನ ವಾರ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಎಸ್.ಪಿ. ರಸ್ತೆಯಲ್ಲಿ ಅಲೆದೆವು. ಸಾದರ ಪತ್ರಪ್ಪ ರಸ್ತೆ ಎಂದು ಅದರ ಪೂರ್ತಿ ಹೆಸರು. ಅಣ್ಣ ತೊಂಬತ್ತರ ದಶಕದಲ್ಲಿ ಟ್ರಾನ್ಸಿಸ್ಟರು, ಐಸಿಗಳನ್ನು ತರಲು ತಿಂಗಳಿಗೊಮ್ಮೆ ಹೋಗುತ್ತಿದ್ದ ಬೀದಿ. ಒಂದು ಅಂಗಡಿಯಲ್ಲಿ ರ‍್ಯಾಮ್ ಬೆಳಿಗ್ಗೆ ಒಂದು ರೇಟು, ಮಧ್ಯಾಹ್ನ ಒಂದು ರೇಟು. ಚಿನ್ನದಂಗಡಿಯಲ್ಲೂ ಇಷ್ಟು ಸಲ ಫೋನು ನೋಡಿಕೊಂಡು ಬೆಲೆ ಹೇಳುವುದನ್ನು ನಾನು ಕಂಡಿಲ್ಲ. ಕಡೆಗೆ 8,800ಕ್ಕೇ ಸಿಕ್ಕಿತು. ಪೆಟ್ಟಿಗೆಯಲ್ಲಿ ಬಣ್ಣದ ಫ್ಯಾನು ಬಿಟ್ಟು ಕರಿಯದು ಕೊಂಡು 600 ಉಳಿಸಿದ. ಎಲ್ಲ ಸೇರಿ 54,100. ಮೇ ತಿಂಗಳ ಪಟ್ಟಿಗಿಂತ ಮುನ್ನೂರು ರೂಪಾಯಿ ಕಡಿಮೆ. ಹುಡುಗ ಹೆಮ್ಮೆಯಿಂದ ತೋರಿಸಿದ. ಆ ಲೆಕ್ಕ ಸರಿಯಲ್ಲ ಎಂದು ನನಗೆ ಗೊತ್ತಿತ್ತು. ಆರು ತಿಂಗಳ ಹಿಂದೆ ಇದೇ ಜಾಣತನ ಮಾಡಿದ್ದರೆ 45,900ಕ್ಕೆ ಮುಗಿಯುತ್ತಿತ್ತು, ಇಲ್ಲವೇ ಹೊಸ ಕಾರ್ಡು, ಮೂರು ವರ್ಷದ ವಾರಂಟಿ ಸಿಗುತ್ತಿತ್ತು.

ಜೋಡಿಸಿದ್ದು ಕೆ.ಆರ್.ಪೇಟೆಯಲ್ಲಿ, ಜುಮಾ ಮುಗಿಸಿ ಬಂದ ಮೇಲೆ. ಅಣ್ಣನ ಮೇಜು, ಅಣ್ಣನ ಸ್ಕ್ರೂಡ್ರೈವರು. ಅಣ್ಣನ ಮೀಟರಿನಲ್ಲಿ ಹುಡುಗ ಹೊಸ ಪವರ್ ಸಪ್ಲೈಯ ತಂತಿಗಳನ್ನು ಒಂದೊಂದಾಗಿ ಅಳೆದ, 12 ವೋಲ್ಟ್, 5 ವೋಲ್ಟ್, 3.3 ವೋಲ್ಟ್. ಪ್ರೊಸೆಸರನ್ನು ಕೂರಿಸುವಾಗ ಕೋಣೆಯಲ್ಲಿ ಯಾರೂ ಉಸಿರಾಡಲಿಲ್ಲ. ಎರಡು ಗಂಟೆಯ ಕೆಲಸ. ಸ್ವಿಚ್ಚು ಒತ್ತಿದರೆ ಫ್ಯಾನು ತಿರುಗಿತು, ಪರದೆ ಕಪ್ಪಗೇ ಇತ್ತು. ನನ್ನ ಹೊಟ್ಟೆಯಲ್ಲಿ ಏನೋ ಕುಸಿಯಿತು. ನಾನಾ “ಲಾಹೌಲ್...” ಎಂದು ಎದ್ದು ಹೋದರು. ಹುಡುಗ ಮಾತ್ರ ಸ್ವಿಚ್ಚು ಆರಿಸಿ, ರ‍್ಯಾಮಿನ ಕಡ್ಡಿಗಳನ್ನು ಕಿತ್ತು, ಊದಿ, ಹೆಬ್ಬೆರಳಿನಿಂದ ಟಕ್ ಎನ್ನುವ ತನಕ ಒತ್ತಿ ಮತ್ತೆ ಹಾಕಿದ. ಒಂದು ಸರಿಯಾಗಿ ಕೂತಿರಲಿಲ್ಲ. ಎರಡನೇ ಸಲ ಬೆಳಕು ಬಂತು. ಭಾಬಿ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದರು. ಸೆರಗಿನಿಂದ ಮುಖ ಒರೆಸಿಕೊಂಡು, “ಚಾ ಇಡ್ತೀನಿ” ಎಂದು ಒಳಗೆ ಹೋದರು.

ಹುಡುಗ ಲಿನಕ್ಸ್ ಹಾಕುತ್ತ ಕೂತಾಗ ನಾನು ನೋಟ್‌ಬುಕ್ ತೆಗೆದು, ಠೇವಣಿಯ ಲೆಕ್ಕದ ಕೆಳಗೆ ಒಂದು ಸಾಲು ಬರೆದೆ. 8,200, ನನ್ನ ಬಾಬ್ತು, ತಿಂಗಳಿಗೆ ಸಾವಿರದಂತೆ. ಅವನು ಪರದೆಯಿಂದ ತಲೆ ತಿರುಗಿಸಿ, ಬಲದಿಂದ ಎಡಕ್ಕೆ ಓಡಿದ ಆ ಅಕ್ಷರಗಳನ್ನು ನೋಡಿದ.

“ಏನು ಬರೆದ್ರಿ ಚಾಚಾ?”

“ರ‍್ಯಾಮಿನ ರೇಟು” ಅಂದೆ.

“ಅದನ್ನ ಬರ್ದಿಟ್ಕೊಂಡು ಏನ್ ಮಾಡ್ತೀರಿ? ನಾಳೆ ಮತ್ತೆ ಬದಲಾಗುತ್ತೆ” ಎಂದು ಅವನು ಮತ್ತೆ ಪರದೆಯ ಕಡೆ ತಿರುಗಿದ.